ಆಸ್ಪತ್ರೆ ದೂರ, ಮಗುವಿಗೆ ಮಲೇರಿಯಾ: ಹೊರಡೋ ಮುಂಚೆ ಒಂದು ಕ್ಯಾಪ್ಸೂಲ್

ಮಗುವಿಗೆ ಸುಡುವ ಜ್ವರ. ಫಿಟ್ಸ್ ಬಂದಿದೆ, ಎಬ್ಬಿಸಿದರೂ ಕಣ್ಣು ಬಿಡುತ್ತಿಲ್ಲ. ಮಾತ್ರೆ ನುಂಗೋ ಸ್ಥಿತಿಯಲ್ಲಿಲ್ಲ. ಇಂಜೆಕ್ಷನ್ ಕೊಡೋ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ. ಆಗ ಏನು ಮಾಡೋದು?

ಆಫ್ರಿಕಾದ ಜಾಂಬಿಯಾದಲ್ಲಿ ಸೆರೆಂಜೆ ಅಂತ ಒಂದು ಜಿಲ್ಲೆ. ಅಲ್ಲಿ ತರಬೇತಿ ಪಡೆದ ಹಳ್ಳಿಯ ಸ್ವಯಂಸೇವಕರ ಕೈಗೇ ಆರ್ಟಿಸುನೇಟ್ ಕ್ಯಾಪ್ಸೂಲ್ ಕೊಟ್ಟರು. ಇದನ್ನು ಬಾಯಿಗೆ ಹಾಕೋದಲ್ಲ, ಗುದದ್ವಾರದೊಳಗೆ ಇಡೋದು. ಕರಗಿ ರಕ್ತ ಸೇರಿ, ಮಲೇರಿಯಾ ರೋಗಾಣುಗಳನ್ನು ಕೊಲ್ಲೋಕೆ ಶುರು ಮಾಡುತ್ತೆ.

ಒಂದರಲ್ಲಿ 100 ಮಿಲಿಗ್ರಾಂ. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಇಟ್ಟ ಮೇಲೆ ಪೃಷ್ಠದ ಎರಡೂ ಬದಿಯನ್ನು 10 ನಿಮಿಷ ಸೇರಿಸಿ ಹಿಡಿಯಬೇಕು. 30 ನಿಮಿಷದೊಳಗೆ ಹೊರಬಂದರೆ ಇನ್ನೊಂದು ಇಡಬೇಕು. ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಸೆರೆಂಜೆಯಲ್ಲಿ ಸೈಕಲ್ಲಿಗೆ ಗಾಡಿ ಕಟ್ಟಿ ಅದನ್ನೇ ಆಂಬುಲೆನ್ಸ್ ಮಾಡಿಕೊಂಡರು.

ಆದರೆ ಈ ಕ್ಯಾಪ್ಸೂಲ್ ಪೂರ್ತಿ ಚಿಕಿತ್ಸೆ ಅಲ್ಲ. ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ಆರ್ಟಿಸುನೇಟ್ ಇಂಜೆಕ್ಷನ್, ಆಮೇಲೆ 3 ದಿನ ಮಾತ್ರೆಯ ಕೋರ್ಸ್ ಆಗಲೇಬೇಕು. ಕಾಂಗೋ, ನೈಜೀರಿಯಾ, ಉಗಾಂಡದಲ್ಲಿ ನಡೆದ ಅಧ್ಯಯನದಲ್ಲಿ ಕ್ಯಾಪ್ಸೂಲ್ ಹಂಚಿದರೂ ಸಾವು ತಗ್ಗಲಿಲ್ಲ. ಎಷ್ಟೋ ಮಕ್ಕಳಿಗೆ ಮುಂದಿನ ಚಿಕಿತ್ಸೆ ಪೂರ್ತಿ ಸಿಕ್ಕಿರಲಿಲ್ಲ.

ಅಂದಹಾಗೆ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗುಣಮಟ್ಟದ ಒಪ್ಪಿಗೆ ಪಡೆದ ಕ್ಯಾಪ್ಸೂಲ್‌ಗಳಲ್ಲಿ ಒಂದು ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕಂಪನಿಯದು.

ಮಗುವಿಗೆ ಜ್ವರದ ಜೊತೆ ಫಿಟ್ಸ್, ಮಂಪರು, ಏನು ಕೊಟ್ಟರೂ ವಾಂತಿ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ.