ಒಲೆಯ ಮುಂದಿನ ಪಾಠ



ಮನೆತನದ ಆಸ್ತಿ ಎಂದೊಡನೆ ಹೊಲ, ಮನೆ, ಬೆಳ್ಳಿ-ಬಂಗಾರ ನೆನಪಾಗುತ್ತವೆ. ಇವಕ್ಕೆಲ್ಲ ಕಾಗದಪತ್ರಗಳುಂಟು. ಕಾಗದವಿಲ್ಲದೆ ತಾಯಿಯಿಂದ ಮಗಳಿಗೆ, ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವ ಇನ್ನೊಂದು ಆಸ್ತಿಯುಂಟು. ಅದು ಉಣ್ಣುವ ರೀತಿ. ಭೂಮಿಗೆ ಭಾರವಾಗದಂತೆ, ಮುಂದಿನವರ ಪಾಲನ್ನು ನುಂಗದಂತೆ ಉಣ್ಣುವ ಈ ರೀತಿ ಹೇಗೆ ಉಳಿದು ಬಂತು, ಎಲ್ಲಿ ಕಡಿಯುತ್ತಿದೆ ಎಂಬುದನ್ನು ಇಂದು ವಿಚಾರ ಮಾಡೋಣ.

ಜೋಳದ ರೊಟ್ಟಿಯನ್ನೇ ತೆಗೆದುಕೊಳ್ಳಿರಿ. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ನಾದಿದ ಹಿಟ್ಟು ಬಡಿಯುವಾಗ ಹರಿಯುತ್ತದೆ. ಅದಕ್ಕಾಗಿ ಕುದಿಯುವ ಎಸರು ಹಾಕಿ ಹಿಟ್ಟಿಗೆ ಜಿಗಿ ಬರಿಸುತ್ತಾರೆ. ಎಸರು ಎಷ್ಟು, ನಾದುವುದು ಎಷ್ಟು ಹೊತ್ತು ಎಂದು ತಾಯಿ ಬರೆದಿಡಲಿಲ್ಲ. ಒಲೆಯ ಮುಂದೆ ಕುಳಿತ ಮಗುವಿಗೆ ಸಣ್ಣದೊಂದು ಹಿಟ್ಟಿನ ಉಂಡೆ ಕೊಟ್ಟಳು. ಮಗು ಬಡಿಯಿತು, ಹರಿಯಿತು, ಮತ್ತೆ ಬಡಿಯಿತು. ಕಿವಿ ಸಪ್ಪಳ ಕಲಿಯಿತು, ಕೈ ಹದ ಕಲಿಯಿತು, ನಾಲಗೆ ರುಚಿ ಕಲಿಯಿತು. ಸಂಸ್ಕಾರವೆಂದರೆ ಇದೇ.

ಈ ರೊಟ್ಟಿಯ ಬೆನ್ನಿಗೆ ಹೊಲವಿದೆ. ವಿಜಯಪುರ, ಕಲಬುರಗಿ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ಮಣ್ಣಿನಲ್ಲಿ ಉಳಿದ ತೇವದಿಂದಲೇ ಬೆಳೆಯುತ್ತದೆ. ಕಾಳು ನಮಗೆ, ಕಣಿಕೆ ದನಕ್ಕೆ, ಸಗಣಿ ಮರಳಿ ಹೊಲಕ್ಕೆ. ಅಕ್ಕಡಿಯಲ್ಲಿ ಹಾಕಿದ ಕಡಲೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಹೊಲದಲ್ಲಿ ಜೋಡಿಯಾದದ್ದು ತಟ್ಟೆಯಲ್ಲಿಯೂ ಜೋಡಿಯಾಗಿ ಬರುತ್ತದೆ.

ಹೆಚ್ಚಾದ ಕಾಳನ್ನು ಹಿರಿಯರು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಪ್ರಾಣವಾಯು ತಗ್ಗುತ್ತದೆ, ಹುಳ ಬದುಕುವುದಿಲ್ಲ. ಆದರೆ ಅದೇ ಗಾಳಿ ಮನುಷ್ಯನನ್ನೂ ಕೊಲ್ಲಬಲ್ಲದು. ಆದ್ದರಿಂದ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಮೊದಲು ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಇಳಿಯಬಾರದು. ಅಜ್ಜ ಇದನ್ನು ಮೊಮ್ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸುತ್ತಿದ್ದ. ಬರಗಾಲಕ್ಕೆ ಬುತ್ತಿ ಕಟ್ಟುವ ವಿದ್ಯೆಯೂ ಹೀಗೆ ಕಣ್ಣಿನಿಂದ ಕಣ್ಣಿಗೆ ಇಳಿಯಿತು.

ಇದು ಕಡಿದದ್ದು ಹೇಗೆ? 1960ರ ದಶಕದ ಕೊನೆಯಲ್ಲಿ ಹಸಿರುಕ್ರಾಂತಿ ಬಂತು. ಗೋದಿ, ಭತ್ತ ಹೆಚ್ಚಿದವು. ಪಡಿತರದಲ್ಲಿ ಅಕ್ಕಿ ಬಂತು. ಹಸಿದವನಿಗೆ ಅನ್ನ ಸಿಕ್ಕಿತು. ಅದನ್ನು ನಾವು ಹಳಿಯಲಾರೆವು. ಆದರೆ ಅದರ ಬೆನ್ನಿಗೇ ಅನ್ನ ದೊಡ್ಡವರ ಊಟ, ರೊಟ್ಟಿ ಬಡವರ ಊಟ ಎಂಬ ನಾಚಿಕೆಯೂ ಮನೆ ಹೊಕ್ಕಿತು. ಮಗು ಶಾಲೆಯಲ್ಲಿ ರೊಟ್ಟಿಯ ಬುತ್ತಿ ಬಿಚ್ಚಲು ಹಿಂಜರಿಯಿತು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಸಾವಿರ ಜನಕ್ಕೆ ಅನ್ನ ಬೇಯಿಸುವುದು ಸುಲಭವೆಂದು ನಾವೂ ದಾಸೋಹದಲ್ಲಿ ರೊಟ್ಟಿಯನ್ನು ಜಾತ್ರೆಗಷ್ಟೇ ಮೀಸಲಿಟ್ಟಿದ್ದೆವು. ಒಮ್ಮೆ ಪಂಕ್ತಿಯಲ್ಲಿದ್ದ ಮುದುಕಿಯೊಬ್ಬಳು, “ಅಜ್ಜಾರ, ಮಠದಾಗೂ ರೊಟ್ಟಿ ಇಲ್ಲಂದ್ರ ನನ್ನ ಮೊಮ್ಮಕ್ಕಳಿಗೆ ನಾ ಏನಂತ ಹೇಳ್ಲಿ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಸೋಮವಾರಕ್ಕೊಮ್ಮೆ ಭಕ್ತರ ಮನೆಗಳಿಂದ ರೊಟ್ಟಿ ಬರುತ್ತದೆ.

ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಜೋಳಕ್ಕೆ ಮತ್ತೆ ಮಾನ ಬಂತು. ಆದರೆ ಸಾರಿದ ಮಾತ್ರಕ್ಕೆ ಕೈ ಹದ ಕಲಿಯದು. ಕಲಿಯದ ತಾಯಿ ಕಲಿಸಲಾರಳು. ಒಂದು ತಲೆಮಾರು ಬಿಟ್ಟರೆ ಮುಂದಿನದಕ್ಕೆ ಕೇಳಲೂ ಯಾರೂ ಇರುವುದಿಲ್ಲ.

ಪ್ರಸಾದದ ತಟ್ಟೆಯನ್ನು ತೊಳೆದು ಆ ನೀರನ್ನು ಕುಡಿಯುವ ಅಜ್ಜಿಯನ್ನು ಕಂಡ ಮಗುವಿಗೆ ಅಗುಳು ಚೆಲ್ಲಬೇಡವೆಂಬ ಉಪದೇಶ ಬೇಕಿಲ್ಲ. ಮಗು ನಮ್ಮ ಮಾತನ್ನು ಮರೆಯುತ್ತದೆ, ನಾವು ಉಂಡ ರೀತಿಯನ್ನು ಮರೆಯುವುದಿಲ್ಲ. ಆದ್ದರಿಂದ ಇಂದು ಮನೆಗೆ ಹೋದಮೇಲೆ, ಗಂಡು ಹೆಣ್ಣು ಎನ್ನದೆ, ಒಂದು ಮಗುವನ್ನು ಒಲೆಯ ಮುಂದೆ ಕೂಡಿಸಿಕೊಳ್ಳಿರಿ. ಒಂದು ಉಂಡೆ ಹಿಟ್ಟು ಅದರ ಕೈಗೆ ಕೊಡಿರಿ. ಹರಿದರೆ ಹರಿಯಲಿ.