ಕಿಡಿ ಎಲ್ಲಿ ಕಳೆದುಹೋಯಿತು?

ಮೈಸೂರಿನ ಹಳೆಯ ಬಡಾವಣೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಹಿತ್ತಲಿನ ಶೆಡ್ಡಿನಲ್ಲಿ ತಾತನ ಕಾಲದ ಜಾವಾ ನಿಂತಿದೆ. ಬೆಳಿಗ್ಗೆ ಒಂದೇ ಒದೆತಕ್ಕೆ ಗುಡುಗುಟ್ಟಿ ಎದ್ದೇಳುವ ಗಾಡಿ ಎರಡು ಮೂರು ಕಿಲೋಮೀಟರ್ ಓಡಿದೊಡನೆ ಸುಮ್ಮನಾಗಿಬಿಡುತ್ತದೆ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಮೂರು ಸಲ ಪ್ಲಗ್ ಬದಲಾಯಿಸಿದ್ದಾಯಿತು, ಎರಡು ಸಲ ಕಾರ್ಬುರೇಟರ್ ಬಿಚ್ಚಿ ತೊಳೆದದ್ದೂ ಆಯಿತು. ಬೇಸತ್ತ ತಂದೆ ಗುಜರಿಯವನಿಗೆ ಹೇಳಿಕಳಿಸಿದ್ದಾರೆ. ಪಿಯುಸಿ ಓದುವ ಮಗ ಮಾತ್ರ, ‘ಅಪ್ಪಾ, ಒಂದು ವಾರ ತಡೀರಿ’ ಎನ್ನುತ್ತಾನೆ.

ಆ ಒಂದು ವಾರದಲ್ಲಿ ಅವನು ಮಾಡಬೇಕಾದ ಕೆಲಸಕ್ಕೆ ದೊಡ್ಡ ಉಪಕರಣಗಳೇನೂ ಬೇಡ. ಬೇಕಾದದ್ದು ಶಾಲೆಯ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮತ್ತು ಸ್ವಲ್ಪ ತಾಳ್ಮೆ.

ಆರು ವೋಲ್ಟಿನಿಂದ ಹತ್ತು ಸಾವಿರಕ್ಕೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ಎರಡು ಹೊಡೆತದ, ಅಂದರೆ ಟೂ ಸ್ಟ್ರೋಕ್ ಗಾಡಿಗಳು. ಹಳೆಯ ಜಾವಾದಲ್ಲಿರುವುದು ಬರೀ ಆರು ವೋಲ್ಟಿನ ಬ್ಯಾಟರಿ. ಆದರೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ಇದು ಬರುವುದೆಲ್ಲಿಂದ?

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮದಲ್ಲಿ ಇದರ ಗುಟ್ಟಿದೆ. ಇಗ್ನಿಷನ್ ಕಾಯಿಲಿನಲ್ಲಿ ದಪ್ಪ ತಂತಿಯ ಕೆಲವೇ ನೂರು ಸುತ್ತುಗಳೂ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳೂ ಒಂದೇ ಕಬ್ಬಿಣದ ತಿರುಳಿನ ಮೇಲಿರುತ್ತವೆ. ದಪ್ಪ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಹರಿವನ್ನು ಫಕ್ಕನೆ ಕಡಿದರೆ ಕ್ಷೇತ್ರ ಕುಸಿಯುತ್ತದೆ, ಸಣ್ಣ ತಂತಿಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡ ಹುಟ್ಟುತ್ತದೆ. ಕ್ಷೇತ್ರ ಎಷ್ಟು ಬೇಗ ಕುಸಿಯುತ್ತದೋ ವೋಲ್ಟೇಜ್ ಅಷ್ಟು ಹೆಚ್ಚು.

ಕಡಿಯುವ ಕೆಲಸ ಮಾಡುವುದು ‘ಪಾಯಿಂಟು’. ಗ್ಯಾರೇಜುಗಳಲ್ಲಿ ಇದಕ್ಕೆ ‘ಪ್ಲಾಟಿನಂ’ ಎಂದೇ ಹೆಸರು. ಮೊದಮೊದಲು ಪ್ಲಾಟಿನಮ್ಮನ್ನೇ ಬಳಸುತ್ತಿದ್ದರು, ಆಮೇಲೆ ಟಂಗ್‌ಸ್ಟನ್ ಬಂತು. ಲೋಹ ಬದಲಾದರೂ ಹೆಸರು ಉಳಿಯಿತು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಗಾಡಿಯ ಪಾಯಿಂಟು ಸೆಕೆಂಡಿಗೆ 50 ಸಲ, ಗಂಟೆಗೆ 1,80,000 ಸಲ ಬಾಯಿ ತೆರೆದು ಮುಚ್ಚಬೇಕು. ಅದು ಸವೆಯುವುದರಲ್ಲಿ ಆಶ್ಚರ್ಯವೇನಿದೆ?

ಪಾಯಿಂಟಿನ ಜೊತೆಗಾರ ಕಂಡೆನ್ಸರ್. ಹೆಬ್ಬೆರಳಿನಷ್ಟೂ ಇಲ್ಲದ ಈ ಡಬ್ಬಿ, ಪಾಯಿಂಟು ತೆರೆಯುವ ಕ್ಷಣದಲ್ಲಿ ನುಗ್ಗಿಬರುವ ವಿದ್ಯುತ್ತನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ. ಇದಿಲ್ಲದಿದ್ದರೆ ಕಿಡಿ ಪ್ಲಗ್ಗಿನಲ್ಲಿ ಹಾರುವ ಬದಲು ಪಾಯಿಂಟಿನಲ್ಲೇ ಹಾರಿ, ಅದನ್ನೂ ಸುಟ್ಟು, ಎಂಜಿನ್ನನ್ನೂ ನಿಲ್ಲಿಸುತ್ತದೆ.

ಪ್ಲಗ್ ಹೇಳುವ ಕಥೆ

ಡಾಕ್ಟರು ಮೊದಲು ನಾಲಿಗೆ ನೋಡುವಂತೆ ಎಂಜಿನ್ನಿನ ಪ್ಲಗ್ ನೋಡಬೇಕು. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಹಲವು ಸಲ ಒದ್ದಮೇಲೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲೇ ಬರುತ್ತಿಲ್ಲ. ಪೆಟ್ರೋಲಿನಲ್ಲಿ ತೋಯ್ದಿದ್ದರೆ ಇಂಧನ ಬಂದಿದೆ, ಕಿಡಿ ಬಂದಿಲ್ಲವೆಂದು ಅನುಮಾನಿಸಬಹುದು.

ಆಮೇಲೆ ಕಿಡಿಯ ಪರೀಕ್ಷೆ. ಚೆನ್ನಾಗಿದೆಯೆಂದು ಗೊತ್ತಿರುವ ಇನ್ನೊಂದು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಕಿಕ್ ಹೊಡೆಯಬೇಕು. ಚಟ್ ಚಟ್ ಸದ್ದಿನ ನೀಲಿ ಕಿಡಿ ಬಂದರೆ ಸರಿ. ತೆಳ್ಳನೆಯ ಹಳದಿ ಕಿಡಿಯಾದರೆ ನಂಬುವಂತಿಲ್ಲ. ಏಕೆಂದರೆ ಸಿಲಿಂಡರಿನೊಳಗೆ ಅದುಮಿದ ಗಾಳಿಯನ್ನು ದಾಟಲು ಹೊರಗಿನ ಗಾಳಿಯಲ್ಲಿ ಬೇಕಾಗುವುದಕ್ಕಿಂತ ಬಹಳ ಹೆಚ್ಚು ವೋಲ್ಟ್ ಬೇಕು. ಹೊರಗೆ ಹಾರಿದ ಬಡಕಲು ಕಿಡಿ ಒಳಗೆ ಹಾರದೇ ಹೋಗಬಹುದು.

ಇಲ್ಲಿ ಪೋಷಕರಿಗೊಂದು ಎಚ್ಚರಿಕೆ. ಈ ಪರೀಕ್ಷೆ ಬಯಲಿನಲ್ಲಿ, ಹಿರಿಯರು ಪಕ್ಕದಲ್ಲಿದ್ದಾಗ ಮಾತ್ರ ನಡೆಯಲಿ. ಚೆಲ್ಲಿದ ಪೆಟ್ರೋಲನ್ನು ಒರೆಸಿ, ಆವಿ ಆರುವವರೆಗೆ ಕಾದು, ಪ್ಲಗ್ಗಿನ ತೂತಿನಿಂದ ಕಿಡಿಯನ್ನು ದೂರವಿಡಬೇಕು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಲೇಬಾರದು.

ಹಿಂದಕ್ಕೆ ನಡೆಯುತ್ತಾ

ಕಿಡಿಯೇ ಇಲ್ಲವಾದರೆ ಪ್ಲಗ್ಗಿನಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ನಡೆಯಬೇಕು. ಪ್ಲಗ್ ಆಯಿತು, ಕ್ಯಾಪ್ ನೋಡಿ. ಅದರ ಒಳಗೆ ಕಿಲುಬು ಹಿಡಿದಿರಬಹುದು. ತಂತಿಯ ಹೊದಿಕೆ ಬಿರಿದಿದ್ದರೆ ಕತ್ತಲಲ್ಲಿ ನೋಡಿ. ಕಿಡಿ ಸೋರುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಬ್ಯಾಟರಿ ಮತ್ತು ಕೀಲಿ. ಅಲ್ಲಿಂದ ಪಾಯಿಂಟು: ಪೂರ್ತಿ ತೆರೆದಾಗ ಅದರ ಸಂದು ಸಾಮಾನ್ಯವಾಗಿ 0.3ರಿಂದ 0.4 ಮಿಲಿಮೀಟರ್ ಇರಬೇಕು. ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಅಳತೆಯೇ ಕೊನೆಯ ಮಾತು. ಪಾಯಿಂಟನ್ನು ಉಜ್ಜಿದಮೇಲೆ ಶುಭ್ರವಾದ ಒಣ ಕಾಗದವನ್ನು ಅದರ ಬಾಯಲ್ಲಿ ಎಳೆದು ಒರೆಸಿ. ಬೆರಳಿನ ಎಣ್ಣೆಯೂ ವಿದ್ಯುತ್ತಿಗೆ ಅಡ್ಡಿ.

ಬಿಚ್ಚಿ ಜೋಡಿಸಿದಮೇಲೆ ಕಿಡಿ ಮಾಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಪಾಯಿಂಟಿನ ತಂತಿ ಕೂರುವಲ್ಲಿ ವಿದ್ಯುತ್ ನಿರೋಧಕ ವಾಷರ್ ಇರುತ್ತದೆ. ಅದು ಜಾಗ ತಪ್ಪಿದರೆ ವಿದ್ಯುತ್ ಸದಾ ಎಂಜಿನ್ನಿನ ಮೈಗೆ ಹರಿದುಹೋಗುತ್ತದೆ. ಪಾಯಿಂಟು ತೆರೆದರೂ ಕಡಿತವಾಗದು, ಕಡಿತವಾಗದಿದ್ದರೆ ಕಿಡಿಯಿಲ್ಲ.

ಲೂನಾ, ಹಳೆಯ ಬಜಾಜ್ ಸ್ಕೂಟರುಗಳಲ್ಲಿ ಕಿಡಿಗೆ ಬ್ಯಾಟರಿ ಬೇಡ. ತಿರುಗುವ ಚಕ್ರದಲ್ಲಿರುವ ಅಯಸ್ಕಾಂತವೇ ವಿದ್ಯುತ್ ಹುಟ್ಟಿಸುತ್ತದೆ. ಇದು ಮ್ಯಾಗ್ನೆಟೊ. ಇಂಥ ಎಂಜಿನ್ನಿನಲ್ಲಿ ಕಿಡಿ ಹೋದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ತಂತಿಯನ್ನು ಕಳಚಿ ನೋಡಬೇಕು. ಕಿಡಿ ಮರಳಿ ಬಂದರೆ ದೋಷ ಆ ಸ್ವಿಚ್ಚಿನದು ಅಥವಾ ಅದರ ತಂತಿಯದು. ಕಿಡಿ ಚೆನ್ನಾಗಿದ್ದೂ ಎಂಜಿನ್ ಏಳದೆ ಹಿಂದಕ್ಕೆ ಒದೆಯುತ್ತಿದ್ದರೆ ಕಿಡಿ ಹಾರುವ ಹೊತ್ತು ತಪ್ಪಿರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ

ಮೈಸೂರಿನ ಹುಡುಗನ ಕಡೆಗೆ ಬನ್ನಿ. ತಣ್ಣಗಿದ್ದಾಗ ಓಡಿ, ಬಿಸಿಯಾದಾಗ ನಿಲ್ಲುವ ಗಾಡಿಗೆ ಮೂರು ಆಪಾದಿತರು: ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ, ಕಂಡೆನ್ಸರ್, ಕಾಯಿಲ್. ರಂಧ್ರ ಕಟ್ಟಿದ್ದರೆ ಟ್ಯಾಂಕಿನೊಳಗೆ ಒತ್ತಡ ತಗ್ಗಿ ಪೆಟ್ರೋಲ್ ಇಳಿಯದು. ಗಾಡಿ ನಿಂತೊಡನೆ ಹುಡುಗ ಮುಚ್ಚಳ ತೆರೆದು ಸ್ವಲ್ಪ ಹೊತ್ತು ಬಿಟ್ಟು ಒದೆಯುತ್ತಾನೆ, ಏಳುವುದಿಲ್ಲ. ಮುಚ್ಚಳ ಬಿಗಿದು ಅಲ್ಲೇ ಕಿಡಿ ನೋಡುತ್ತಾನೆ, ತೆಳ್ಳನೆಯ ಹಳದಿ. ಒಬ್ಬ ಆಪಾದಿತ ಬಿಡುಗಡೆಯಾದ.

ಕಂಡೆನ್ಸರನ್ನೂ ಕಾಯಿಲನ್ನೂ ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಹೋಗಬಹುದು, ಆದರೆ ಕಾರಣ ತಿಳಿಯದು. ಹುಡುಗ ಅಗ್ಗದ ಕಂಡೆನ್ಸರನ್ನಷ್ಟೇ ಬದಲಾಯಿಸುತ್ತಾನೆ. ಗಾಡಿ ಹತ್ತು ಕಿಲೋಮೀಟರ್ ನಿಲ್ಲದೆ ಓಡುತ್ತದೆ. ಮರುದಿನ ಅವನು ಹಳೆಯ ಕಂಡೆನ್ಸರನ್ನೇ ಮತ್ತೆ ಕೂರಿಸುವುದನ್ನು ನೋಡಿ ಬೀದಿಯ ಮೆಕ್ಯಾನಿಕ್ ನಗುತ್ತಾರೆ.

‘ಸರಿಹೋಯ್ತಲ್ಲ, ಮತ್ಯಾಕಪ್ಪಾ ಹಳೇದು ಹಾಕ್ತೀಯ?’

‘ಇದರಿಂದಲೇ ಸರಿಹೋಯ್ತಾ ಅಂತ ನೋಡ್ಬೇಕಣ್ಣ.’

ಎರಡು ಕಿಲೋಮೀಟರಿಗೆ ಗಾಡಿ ನಿಲ್ಲುತ್ತದೆ. ಬಿಸಿಗೆ ಕಂಡೆನ್ಸರಿನೊಳಗಿನ ನಿರೋಧಕ ಸೋತು ವಿದ್ಯುತ್ ಸೋರುತ್ತಿತ್ತೆಂಬ ಊಹೆ ಈಗ ಬರೀ ಊಹೆಯಲ್ಲ. ಪ್ರಯೋಗಶಾಲೆಯಲ್ಲಿ ಅಂಕಕ್ಕಾಗಿ ಬರೆಯುವ ‘ತೀರ್ಮಾನ’ ಎಂಬ ಪದಕ್ಕೆ ಅರ್ಥ ಬರುವುದು ಇಂಥ ಕಡೆಗೇ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ಮರಳಿದವು. ಅವುಗಳಲ್ಲಿ ಪಾಯಿಂಟೂ ಇಲ್ಲ, ಉಜ್ಜುವ ಕೆಲಸವೂ ಇಲ್ಲ, ಎಲ್ಲವೂ ಎಲೆಕ್ಟ್ರಾನಿಕ್. ಅದು ಒಳ್ಳೆಯದೇ. ಆದರೆ ಕಾರಣವನ್ನು ಬೆರಳಿನಿಂದ ಮುಟ್ಟಿ ನೋಡುವ ಅವಕಾಶ ಹಳೆಯ ಎಂಜಿನ್ನಿನಲ್ಲಿದೆ. ಗುಜರಿಯವನು ತಕ್ಕಡಿ ತರುವ ಮುನ್ನ ಮನೆಯ ಮಕ್ಕಳಿಗೆ ಒಂದು ವಾರ ಬಿಟ್ಟುಕೊಡಿ. ಗಾಡಿ ಎದ್ದರೆ ಲಾಭ. ಏಳದಿದ್ದರೂ ಮಕ್ಕಳಿಗೆ ಹುಡುಕುವ ಕ್ರಮ ಗೊತ್ತಾಗಿರುತ್ತದೆ.