ಬೋಲ್ಟ್ ತಿರುಗಿಸಿದರೆ ಹಳೆಯ ಪಿಕಪ್‌ನ ಮುಂಭಾಗ ಪುಕ್ಕಟೆಯಾಗಿ ಎತ್ತರವಾಗುತ್ತದೆಯೇ?

ಹಳೆಯ ಪಿಕಪ್‌ನ ಮುಂಭಾಗ ಕುಸಿದಿದ್ದರೆ ಅಡಿಯಲ್ಲಿರುವ ಒಂದು ಬೋಲ್ಟ್ ಬಿಗಿ ಮಾಡಿ, ಎರಡು ಇಂಚು ಎತ್ತರ ಸಿಗುತ್ತದೆ, ಸಸ್ಪೆನ್ಷನ್ ಕೂಡ ಗಟ್ಟಿಯಾಗುತ್ತದೆ ಎನ್ನುವ ಸಲಹೆಯನ್ನು ನೀವೂ ನೋಡಿರಬಹುದು. ಇದು ಎಷ್ಟು ನಿಜ?

ಎತ್ತರ ಹೇಗೆ ಬರುತ್ತದೆ?

1980-90ರ ದಶಕದ ಟೊಯೊಟಾ ಹೈಲಕ್ಸ್, ಷೆವ್ರೊಲೆಯಂಥ ಹಲವು ಫೋರ್ ವೀಲ್ ಡ್ರೈವ್ ಪಿಕಪ್‌ಗಳ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಬದಲು ಟಾರ್ಷನ್ ಬಾರ್ ಎಂಬ ಉದ್ದನೆಯ ಉಕ್ಕಿನ ಸರಳು ಇರುತ್ತದೆ. ಅದರ ಒಂದು ತುದಿ ಚಕ್ರ ಹಿಡಿದಿರುವ ತೋಳಿಗೆ, ಇನ್ನೊಂದು ತುದಿ ಚಾಸಿಗೆ ಸೇರಿರುತ್ತದೆ. ಚಕ್ರ ಮೇಲೆದ್ದಾಗ ಸರಳು ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುತ್ತದೆ. ಚಾಸಿ ಬದಿಯ ಬೋಲ್ಟ್ ಬಿಗಿ ಮಾಡಿದರೆ ಗಾಡಿ ಎತ್ತರವಾಗುವುದು ನಿಜ. ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಈ ಬೋಲ್ಟೇ ಇರುವುದಿಲ್ಲ.

ಸ್ಪ್ರಿಂಗ್ ಗಟ್ಟಿಯಾಗುತ್ತದೆಯೇ?

ಇಲ್ಲ. ಸರಳಿನ ಗಡಸುತನವನ್ನು ನಿರ್ಧರಿಸುವುದು ಅದರ ದಪ್ಪ, ಉದ್ದ ಮತ್ತು ಲೋಹ. ಬೋಲ್ಟ್ ತಿರುಗಿಸಿದರೆ ಇವು ಬದಲಾಗವು. ಹಾಗಾದರೆ ಗಾಡಿ ಕುಲುಕುವುದೇಕೆ? ಎತ್ತರಿಸಿದಾಗ ಚಕ್ರ ಕೆಳಕ್ಕಿಳಿಯಲು ಇರುವ ಜಾಗ ಕಡಿಮೆಯಾಗುತ್ತದೆ. ಗುಂಡಿಗೆ ಇಳಿದಾಗ ತೋಳು ಬೇಗನೆ ಸ್ಟಾಪರ್‌ಗೆ ಬಡಿಯುತ್ತದೆ. ಆ ಹೊಡೆತವನ್ನೇ ಜನ ಗಟ್ಟಿತನ ಎಂದುಕೊಳ್ಳುತ್ತಾರೆ.

ಅಪಾಯ ಎಲ್ಲಿದೆ?

ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರ್‌ಗಳು ಒಂದೇ ಅಂಚಿನಲ್ಲಿ ಸವೆಯುತ್ತವೆ. ಬಾಲ್ ಜಾಯಿಂಟ್ ಮತ್ತು ಆಕ್ಸಲ್‌ನ ಸಿವಿ ಜಾಯಿಂಟ್‌ಗಳು ಹೆಚ್ಚು ಓರೆಯಾಗಿ ಬೇಗ ಹಾಳಾಗಬಹುದು. ಹೆಡ್‌ಲೈಟ್ ಬೆಳಕು ಎದುರು ಬರುವವರ ಕಣ್ಣಿಗೆ ಕುಕ್ಕುತ್ತದೆ. ಗಾಡಿಯ ಭಾರ ಮೇಲೇರುವುದರಿಂದ ತಿರುವಿನಲ್ಲಿ ಮಗುಚುವ ಸಾಧ್ಯತೆಯೂ ಹೆಚ್ಚುತ್ತದೆ. ಬಿಗಿದ ಸರಳಿನಲ್ಲಿ ಭಾರೀ ಬಲ ಅಡಗಿರುತ್ತದೆ. ಬರೀ ಜ್ಯಾಕ್ ನಂಬಿ ಗಾಡಿಯ ಅಡಿಗೆ ಹೋಗಿ ಅದನ್ನು ಮುಟ್ಟುವುದು ಜೀವಕ್ಕೇ ಸಂಚಕಾರ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಗಾಡಿ ಎತ್ತರಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ನಮ್ಮ ತೀರ್ಮಾನ: ಅರ್ಧ ಸತ್ಯ

ವಯಸ್ಸಾಗಿ ಕುಸಿದ ಮುಂಭಾಗವನ್ನು ಕಂಪನಿ ಹೇಳಿದ ಎತ್ತರಕ್ಕೆ ಮರಳಿಸಲೆಂದೇ ಆ ಬೋಲ್ಟ್ ಇರುವುದು. ಆ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗೆ ಬಿಡಿ. ಬುಶ್, ಬಾಲ್ ಜಾಯಿಂಟ್ ಪರೀಕ್ಷಿಸಿ, ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಸರಿಹೊಂದಿಸಿ. ಅದಕ್ಕಿಂತ ಮೇಲಕ್ಕೆ ಎತ್ತಿದರೆ ಉಳಿಸಿದ ದುಡ್ಡು ಟೈರ್ ಅಂಗಡಿಗೇ ಹೋಗುತ್ತದೆ. ಆ ಸಲಹೆ ನಿಮಗೆ ಬಂದಿದ್ದರೆ, ಮುಂದೆ ಕಳಿಸುವ ಮೊದಲು ಇದನ್ನೂ ಜೊತೆಗೆ ಸೇರಿಸಿ.